ಕರೆದವರಿಗೆಲ್ಲ ಓಗೊಡಬೇಕು

ಕರೆದರೆ ಓಗೊಡುವುದು ಮನೆತನದ ಮೊದಲ ಲಕ್ಷಣವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಾಗಿಲಲ್ಲಿ ನಿಂತು ಯಾರಾದರೂ ಕೂಗಿದಾಗ ಒಳಗಿನಿಂದ ‘ಬಂದೆ’ ಎಂಬ ಒಂದು ಮಾತು ಕೇಳಿಸಿದರೂ ಬಂದವರ ಮನಸ್ಸಿಗೆ ಸಮಾಧಾನ. ಕೊಡುವುದು ಬಿಡುವುದು ಆಮೇಲಿನ ಮಾತು. ಉತ್ತರವೇ ಬಾರದಿದ್ದರೆ ಅವರು ಸ್ವಲ್ಪ ಹೊತ್ತು ನಿಂತು, ತಾವು ಬಂದ ವೇಳೆಯೇ ಸರಿಯಿಲ್ಲವೇನೋ ಎಂದುಕೊಂಡು ಹಿಂತಿರುಗುತ್ತಾರೆ. ಈಗ ನಮ್ಮ ಅನೇಕ ಬಾಗಿಲುಗಳು ಕಂಪ್ಯೂಟರಿನ ಪರದೆಯ ಮೇಲೂ ಮೊಬೈಲಿನ ಗಾಜಿನ ಮೇಲೂ ಬಂದು ನಿಂತಿವೆ. ಕಾಲೇಜಿನ ಅರ್ಜಿ, ವಿದ್ಯುತ್ ಬಿಲ್ಲು, ರೈಲಿನ ಟಿಕೆಟ್ಟು, ವಿದ್ಯಾರ್ಥಿವೇತನ, ಎಲ್ಲಕ್ಕೂ ಒಂದು ಗುಂಡಿ. ಆ ಗುಂಡಿಯನ್ನು ಒತ್ತುವುದೇ ಕರೆಯುವುದು. ಒತ್ತಿದವರಿಗೆ ಪುಟವು ಓಗೊಡುವಂತೆ ಮಾಡುವುದು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನನ್ನ ಕಾಯಕವಾಗಿದೆ. ಆ ಕಾಯಕದ ಒಳಗಿನ ಕಷ್ಟವನ್ನೂ ಅದು ಕಲಿಸಿದ ಪಾಠವನ್ನೂ ಓದುಗ ಬಂಧುಗಳ ಮುಂದಿಡುವ ಆಸೆಯಿಂದ ಈ ಲೇಖನ.

ತುಮಕೂರು ರಸ್ತೆಯ ಟಿ. ದಾಸರಹಳ್ಳಿ ನನ್ನ ವಾಸಸ್ಥಳ. ಒಂದು ಬದಿಗೆ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದು ಬದಿಗೆ ಜಾಲಹಳ್ಳಿ. 2015ರ ಮೇ 1ರಂದು ಮೆಟ್ರೋ ರೈಲು ಈ ದಾರಿಯಲ್ಲಿ ನಾಗಸಂದ್ರದವರೆಗೆ ಬಂದ ಮೇಲೆ ಊರಿನ ಮುಖ ಬದಲಾಗಿದೆಯಾದರೂ, ಒಳರಸ್ತೆಗಳಲ್ಲಿ ಇಂದಿಗೂ ಲೇತ್ ಯಂತ್ರಗಳ ಸದ್ದೇ ಬೆಳಗಿನ ಸುಪ್ರಭಾತ. ಊರಿನಿಂದ ಬಂದ ಹೊಸತರಲ್ಲಿ ನಾನು ಅಂತಹ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಜೆಯ ತರಗತಿಗಳಲ್ಲಿ ಕಂಪ್ಯೂಟರ್ ಕಲಿತು, ಮುಂದೆ ಸುತ್ತಮುತ್ತಲಿನ ಕಾರ್ಖಾನೆಗಳಿಗೂ ಸಂಸ್ಥೆಗಳಿಗೂ ಅಂತರಜಾಲದ ಪುಟಗಳನ್ನು ಮಾಡಿಕೊಡುವ ಕೆಲಸವನ್ನು ಹಿಡಿದೆ.

ಅಂತರಜಾಲದ ಪುಟವು ಮುದ್ರಿತ ಹಾಳೆಯಂತಲ್ಲ. ಅದು ಒಂದು ಆದೇಶಪತ್ರ. ಆ ಪತ್ರವನ್ನು ಓದಿ ಪರದೆಯ ಮೇಲೆ ಮೂಡಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಂಬುವೆಲ್ಲ ಬ್ರೌಸರ್‌ಗಳೇ. ಪುಟವನ್ನು ನೋಡುತ್ತಿರುವವರು ಗುಂಡಿಯನ್ನು ಒತ್ತಿದರೆ, ಅಕ್ಷರವನ್ನು ಬರೆದರೆ, ಮೌಸನ್ನು ಸರಿಸಿದರೆ, ಅದೊಂದು ಘಟನೆ, ಇಂಗ್ಲಿಷಿನಲ್ಲಿ ಈವೆಂಟ್. ಆ ಘಟನೆ ನಡೆದಾಗ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟ ಸೂಚನೆಗೆ ಈವೆಂಟ್ ಹ್ಯಾಂಡ್ಲರ್ ಎನ್ನುತ್ತಾರೆ. ಕನ್ನಡದಲ್ಲಿ ನಾನು ಅದನ್ನು ‘ಓಗೊಡುವವನು’ ಎಂದೇ ಕರೆದುಕೊಳ್ಳುತ್ತೇನೆ. ಈ ಸೂಚನೆಗಳನ್ನು ಬರೆಯುವ ಭಾಷೆ ಜಾವಾಸ್ಕ್ರಿಪ್ಟ್.

1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಆ ಭಾಷೆಯ ಮೊದಲ ರೂಪವನ್ನು ಕೇವಲ ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಮರುವರ್ಷವೇ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಮೂರನೆಯ ಆವೃತ್ತಿಯಲ್ಲಿ ಅದರದೇ ಪ್ರತಿರೂಪವೊಂದನ್ನು ಜೆಸ್ಕ್ರಿಪ್ಟ್ ಎಂಬ ಹೆಸರಿನಿಂದ ಸೇರಿಸಿತು. 1997ರಲ್ಲಿ ಭಾಷೆಯ ವ್ಯಾಕರಣಕ್ಕೆ ಎಕ್ಮಾ ಎಂಬ ಸಂಸ್ಥೆಯಿಂದ ಒಂದು ಸಾಮಾನ್ಯ ನಿಯಮ ಬಂದಿತು. ಆದರೆ ಘಟನೆಗಳಿಗೆ ಓಗೊಡುವ ರೀತಿ ಆ ನಿಯಮದೊಳಗೆ ಇರಲಿಲ್ಲ. ಅದನ್ನು ಇಬ್ಬರೂ ತಮ್ಮ ತಮ್ಮ ಮನಸ್ಸಿಗೆ ಬಂದಂತೆ ರೂಪಿಸಿಕೊಂಡರು. ಕಷ್ಟದ ಮೂಲ ಇಲ್ಲಿದೆ.

ಈ ಭೇದವನ್ನು ಕೂಡುಕುಟುಂಬದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಪುಟವೆಂಬುದು ಒಂದು ದೊಡ್ಡ ಮನೆ. ಮನೆಯೊಳಗೆ ಅಂಕಣ, ಅಂಕಣದೊಳಗೆ ಕೋಣೆ, ಕೋಣೆಯೊಳಗೆ ಒಂದು ಗುಂಡಿ. ಗುಂಡಿಯನ್ನು ಒತ್ತಿದರೆ ಕೋಣೆಯನ್ನೂ ಅಂಕಣವನ್ನೂ ಮನೆಯನ್ನೂ ಮುಟ್ಟಿದಂತೆಯೇ ಆಯಿತು. ಹಾಗಾದರೆ ಸುದ್ದಿಯನ್ನು ಮೊದಲು ಯಾರಿಗೆ ಮುಟ್ಟಿಸಬೇಕು? 1997ರಲ್ಲಿ ಬಂದ ನೆಟ್‌ಸ್ಕೇಪ್‌ನ ನಾಲ್ಕನೆಯ ಆವೃತ್ತಿಯು ಮನೆಯ ಯಜಮಾನನಿಗೆ ಮೊದಲು ತಿಳಿಸಿ ಅಲ್ಲಿಂದ ಕೆಳಗಿಳಿಯುವ ಕ್ರಮವನ್ನು ಹಿಡಿಯಿತು. ಅದೇ ವರ್ಷದ ಎಕ್ಸ್‌ಪ್ಲೋರರ್‌ನ ನಾಲ್ಕನೆಯ ಆವೃತ್ತಿಯು ಎಲ್ಲರಿಗಿಂತ ಕಿರಿಯನಾದ ಗುಂಡಿಗೆ ಮೊದಲು ತಿಳಿಸಿ, ನೀರಿನ ಗುಳ್ಳೆಯಂತೆ ಮೇಲೇರುವ ಕ್ರಮವನ್ನು ಹಿಡಿಯಿತು. ಎರಡಕ್ಕೂ ಅದರದೇ ಆದ ನ್ಯಾಯವುಂಟು. ಆದರೆ ಒಂದೇ ಪುಟ ಎರಡೂ ಕಡೆ ಓಡಬೇಕಾದಾಗ ಒಂದು ಕಡೆ ಹಿರಿಯನೂ ಇನ್ನೊಂದು ಕಡೆ ಕಿರಿಯನೂ ಮೊದಲು ಮಾತನಾಡಿದರೆ ಸಂಸಾರ ನಡೆಯುವುದು ಹೇಗೆ?

2000ದ ನವೆಂಬರ್ ತಿಂಗಳಿನಲ್ಲಿ ಅಂತರಜಾಲದ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯೂ3ಸಿ ಮಂಡಳಿಯು ಒಂದು ಹಿರಿತನದ ತೀರ್ಪನ್ನು ಕೊಟ್ಟಿತು. ಸುದ್ದಿಯು ಮೊದಲು ಯಜಮಾನನಿಂದ ಕೆಳಗಿಳಿದು ಗುಂಡಿಯನ್ನು ಮುಟ್ಟಲಿ, ಅನಂತರ ಅಲ್ಲಿಂದ ಮೇಲೇರಲಿ. ಯಾರು ಯಾವ ಹಾದಿಯಲ್ಲಿ ಕೇಳಬೇಕೆಂದಿರುವರೋ ಅವರು ಆ ಹಾದಿಯಲ್ಲಿ ಕೇಳಿಸಿಕೊಳ್ಳಲಿ. ಹೀಗೆ ಕೇಳಿಸಿಕೊಳ್ಳಲು ಹೆಸರು ನೋಂದಾಯಿಸುವ ವಿಧಾನಕ್ಕೆ ‘ಆಡ್ ಈವೆಂಟ್ ಲಿಸನರ್’ ಎಂದು ಹೆಸರಾಯಿತು. ಆದರೆ ಎಕ್ಸ್‌ಪ್ಲೋರರ್ 1999ರ ತನ್ನ ಐದನೆಯ ಆವೃತ್ತಿಯಿಂದಲೇ ‘ಅಟ್ಯಾಚ್ ಈವೆಂಟ್’ ಎಂಬ ಬೇರೆ ವಿಧಾನವನ್ನು ಇಟ್ಟುಕೊಂಡಿತ್ತು. 2011ರ ಒಂಬತ್ತನೆಯ ಆವೃತ್ತಿಯವರೆಗೂ ಅದು ಮಂಡಳಿಯ ವಿಧಾನಕ್ಕೆ ಬರಲಿಲ್ಲ. ನಡುವಿನ ಹತ್ತು ವರ್ಷಗಳಲ್ಲಿ ನಮ್ಮಂತಹವರು ಬರೆದ ಪ್ರತಿಯೊಂದು ಸೂಚನೆಗೂ ಎರಡು ಮುಖಗಳಿದ್ದವು.

ಭೇದವು ಹೆಸರಿನಲ್ಲಿ ಮಾತ್ರ ಇದ್ದುದಲ್ಲ. ಘಟನೆಯ ವಿವರಗಳೆಲ್ಲ, ಅಂದರೆ ಎಲ್ಲಿ ಒತ್ತಿದರು, ಯಾವ ಕೀಲಿ ಒತ್ತಿದರು ಎಂಬುದೆಲ್ಲ, ಒಂದು ಚೀಟಿಯಲ್ಲಿ ಇರುತ್ತದೆ ಎಂದುಕೊಳ್ಳಿ. ಮಂಡಳಿಯ ಪದ್ಧತಿಯಲ್ಲಿ ಬ್ರೌಸರ್ ಆ ಚೀಟಿಯನ್ನು ಓಗೊಡುವವನ ಕೈಗೇ ಕೊಡುತ್ತದೆ. ಹಳೆಯ ಎಕ್ಸ್‌ಪ್ಲೋರರ್ ಪದ್ಧತಿಯಲ್ಲಿ ಚೀಟಿಯನ್ನು ಹಜಾರದ ಮೊಳೆಗೆ ಸಿಕ್ಕಿಸಿರುತ್ತಿದ್ದರು. ಬೇಕಾದವನು ಹೋಗಿ ನೋಡಿಕೊಳ್ಳಬೇಕು. ಒತ್ತಿದ ಜಾಗವನ್ನು ಒಬ್ಬರು ‘ಟಾರ್ಗೆಟ್’ ಎಂದು ಬರೆದರೆ ಇನ್ನೊಬ್ಬರು ‘ಸೋರ್ಸ್ ಎಲಿಮೆಂಟ್’ ಎಂದು ಬರೆಯುತ್ತಿದ್ದರು. ಒಂದೇ ಗುಂಡಿಗೆ ಇಬ್ಬರು ಮೂವರು ಓಗೊಡುವವರಿದ್ದರೆ, ಹಳೆಯ ಪದ್ಧತಿಯಲ್ಲಿ ಯಾರು ಮೊದಲು ಏಳುತ್ತಾರೆಂಬ ಭರವಸೆಯೂ ಇರಲಿಲ್ಲ.

ಪೀಣ್ಯದ ಕಾರ್ಖಾನೆಯಲ್ಲಿ ಕಂಡ ಒಂದು ಸಣ್ಣ ವಸ್ತು ಆಗ ನನಗೆ ದಾರಿ ತೋರಿಸಿತು. ದೊಡ್ಡ ಡ್ರಿಲ್ಲಿಂಗ್ ಯಂತ್ರದ ತೂತಿಗೆ ಸಣ್ಣ ಬುಡದ ಡ್ರಿಲ್ಲನ್ನು ಹಾಕಿದರೆ ಅದು ನಿಲ್ಲುವುದಿಲ್ಲ. ಹಾಗೆಂದು ಕೆಲಸಗಾರರು ಯಂತ್ರವನ್ನು ಬದಲಾಯಿಸುವುದಿಲ್ಲ, ಡ್ರಿಲ್ಲನ್ನು ಬಿಸಾಡುವುದೂ ಇಲ್ಲ. ನಡುವೆ ಸ್ಲೀವ್ ಎಂಬ ಟೊಳ್ಳಾದ ಕೊಳವೆಯೊಂದನ್ನು ತೊಡಿಸುತ್ತಾರೆ. ಹೊರಮೈ ಯಂತ್ರಕ್ಕೆ ಹೊಂದುತ್ತದೆ, ಒಳಮೈ ಡ್ರಿಲ್ಲಿಗೆ ಹೊಂದುತ್ತದೆ. ನಮ್ಮ ಕೆಲಸದಲ್ಲಿಯೂ ಲೋಕದಾದ್ಯಂತ ಎಲ್ಲರೂ ಇದನ್ನೇ ಮಾಡಿದರು. ಭೇದವನ್ನೆಲ್ಲ ನುಂಗಿಕೊಳ್ಳುವ ಹತ್ತಾರು ಸಾಲುಗಳ ಒಂದು ಸ್ಲೀವನ್ನು ಒಮ್ಮೆ ಬರೆದಿಟ್ಟುಕೊಂಡು, ಉಳಿದ ಕೆಲಸವನ್ನೆಲ್ಲ ಅದರ ಮೂಲಕವೇ ನಡೆಸುವುದು. ಅಂತಹ ಸ್ಲೀವುಗಳಲ್ಲೆಲ್ಲ ಪ್ರಸಿದ್ಧವಾದುದು ಜಾನ್ ರೆಸಿಗ್ ಎಂಬವರು 2006ರಲ್ಲಿ ಉಚಿತವಾಗಿ ಲೋಕಕ್ಕೆ ಕೊಟ್ಟ ಜೆಕ್ವೆರಿ. ದಾಸರಹಳ್ಳಿಯ ಎರಡನೆಯ ಮಹಡಿಯ ಒಂದು ಕೋಣೆಯಲ್ಲಿ ಕುಳಿತು ನನ್ನಂತಹವನು ಮಾಡಿದ ಪುಟ ಎಲ್ಲ ಬ್ರೌಸರ್‌ಗಳಲ್ಲಿಯೂ ಓಡುವಂತಾದುದು ಇಂತಹ ಉದಾರಿಗಳ ಶ್ರಮದಿಂದ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಸ್ಲೀವನ್ನು ಬರೆಯುವಾಗ ಎದುರಾಗುವ ಮೊದಲ ಪ್ರಶ್ನೆಯೇ ಈ ಲೇಖನದ ತಿರುಳು. ಬಂದಿರುವ ಬ್ರೌಸರ್ ಯಾವ ಪದ್ಧತಿಯದು ಎಂದು ತಿಳಿಯುವುದು ಹೇಗೆ? ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ‘ನೀನು ಯಾರು?’ ಎಂದು ಹೆಸರು ಕೇಳುವುದು. ಪ್ರತಿ ಬ್ರೌಸರೂ ತನ್ನ ಪರಿಚಯದ ಒಂದು ಸಾಲನ್ನು ಹೊತ್ತು ಬರುತ್ತದೆ. ಅದನ್ನು ಓದಿ, ಇಂತಹವನಾದರೆ ಈ ಪಂಕ್ತಿ, ಅಂತಹವನಾದರೆ ಆ ಪಂಕ್ತಿ ಎಂದು ವಿಂಗಡಿಸುವುದು. ಎರಡನೆಯದು, ಹೆಸರನ್ನು ಬಿಟ್ಟು ‘ನಿನಗೆ ಈ ಕೆಲಸ ಬರುತ್ತದೆಯೇ?’ ಎಂದು ಕೇಳುವುದು. ಆಡ್ ಈವೆಂಟ್ ಲಿಸನರ್ ಬಲ್ಲೆಯಾ? ಬಲ್ಲೆಯಾದರೆ ಅದರಿಂದಲೇ ಮಾಡು. ಇಲ್ಲವೇ, ಅಟ್ಯಾಚ್ ಈವೆಂಟ್ ಬಲ್ಲೆಯಾ? ಅದರಿಂದ ಮಾಡು. ಅದೂ ಇಲ್ಲವೇ, ಹಳೆಯ ಸರಳ ರೀತಿಯಲ್ಲಿ ಮಾಡು. ಕೆಲಸವಂತೂ ಆಗಲಿ.

ಹೆಸರು ಕೇಳುವ ದಾರಿ ಎಷ್ಟು ಪೊಳ್ಳೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಮೊದಲ ದಿನಗಳಲ್ಲಿ ನೆಟ್‌ಸ್ಕೇಪ್ ತನ್ನ ಪರಿಚಯದ ಸಾಲಿನಲ್ಲಿ ‘ಮೊಜಿಲ್ಲಾ’ ಎಂದು ಹೇಳಿಕೊಳ್ಳುತ್ತಿತ್ತು. ಆ ಹೆಸರಿದ್ದವರಿಗೆ ಮಾತ್ರ ಒಳ್ಳೆಯ ಪುಟವನ್ನು ಬಡಿಸಿ, ಉಳಿದವರಿಗೆ ಸಪ್ಪೆಯ ಪುಟವನ್ನು ಕೊಡುವ ವಾಡಿಕೆ ಹಲವು ಕಡೆ ಬೆಳೆಯಿತು. ಪರಿಣಾಮವಾಗಿ ಎಕ್ಸ್‌ಪ್ಲೋರರ್ ಕೂಡ ತಾನು ಮೊಜಿಲ್ಲಾ ಎಂದೇ ಹೇಳಿಕೊಂಡು ಬಂದಿತು. ಅನಂತರ ಬಂದ ಸಫಾರಿ, ಕ್ರೋಮ್ ಮೊದಲಾದುವೂ ಹಾಗೆಯೇ ಮಾಡಿದವು. ಇಂದಿಗೂ ನಿಮ್ಮ ಮೊಬೈಲಿನ ಬ್ರೌಸರಿನ ಪರಿಚಯದ ಸಾಲು ‘ಮೊಜಿಲ್ಲಾ’ ಎಂಬ ಶಬ್ದದಿಂದಲೇ ಆರಂಭವಾಗುತ್ತದೆ. ಪಂಕ್ತಿಭೇದ ಮಾಡುವ ಮನೆಗೆ ಬಂದವರು ಹೆಸರು ಮರೆಸಿಕೊಂಡು ಬರುತ್ತಾರೆ. ಆಗ ಹೆಸರಿಗೆ ಅರ್ಥವೇ ಉಳಿಯುವುದಿಲ್ಲ. ಯೋಗ್ಯತೆಯನ್ನು ಕೇಳಿದರೆ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ನಾಳೆ ಹುಟ್ಟಲಿರುವ, ಇಂದು ನಾವು ಹೆಸರನ್ನೇ ಕೇಳದ ಬ್ರೌಸರಿಗೂ ಅದರಿಂದ ಬಾಗಿಲು ತೆರೆದಿರುತ್ತದೆ.

ಕನ್ನಡದ ಪುಟಗಳನ್ನು ಮಾಡುವವರಿಗೆ ಇದರ ಮೇಲೊಂದು ಕಷ್ಟವಿದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ಕೀಲಿಗೆ ಒಂದು ಅಕ್ಷರ. ನಮ್ಮಲ್ಲಿ ಹಾಗಲ್ಲ. ‘ದಾಸರಹಳ್ಳಿ’ ಎಂಬ ಮಾತು ಕಣ್ಣಿಗೆ ಐದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಒಂಬತ್ತು ಸಂಕೇತಗಳು. ದ, ಆ ಸ್ವರದ ಚಿಹ್ನೆ, ಸ, ರ, ಹ, ಳ, ವಿರಾಮ, ಮತ್ತೆ ಳ, ಕೊನೆಗೆ ಗುಡಿಸು. ಬೇರೆ ತಂತ್ರಾಂಶವನ್ನು ಹಾಕಿಕೊಳ್ಳದೆ ಪುಟದಲ್ಲಿಯೇ ಕನ್ನಡವನ್ನು ಬರೆಯಬೇಕಾದರೆ ಒಬ್ಬ ಓಗೊಡುವವನು ಪ್ರತಿ ಕೀಲಿಗೂ ಎಚ್ಚರವಾಗಿರಬೇಕು. ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದೊಡನೆ ಆ ಅಕ್ಷರ ಮೂಡದಂತೆ ತಡೆದು ‘ಕ್’ ಎಂದಿಡಬೇಕು. ಹಿಂದೆಯೇ ‘ಎ’ ಕೀಲಿ ಬಂದರೆ ಹಿಂದಿನ ಅಕ್ಷರವನ್ನು ನೋಡಿ ಅದನ್ನು ‘ಕ’ ಎಂದು ತಿದ್ದಬೇಕು. ಮೂಡುವ ಅಕ್ಷರವನ್ನು ತಡೆಯುವ ವಿಧಾನ, ಕೀಲಿಯ ಸಂಖ್ಯೆಯನ್ನು ತಿಳಿಯುವ ವಿಧಾನ, ಬರೆಯುತ್ತಿರುವ ಜಾಗವನ್ನು ಗುರುತಿಸುವ ವಿಧಾನ, ಈ ಮೂರೂ ಹಳೆಯ ಬ್ರೌಸರ್‌ಗಳಲ್ಲಿ ಬೇರೆ ಬೇರೆಯಾಗಿದ್ದವು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪುಟಗಳಲ್ಲಿ ಈ ಕಷ್ಟವನ್ನು ಗೆದ್ದಿರುವುದನ್ನು ಕಾಣಬಹುದು. 2011ರಲ್ಲಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ‘ನಾರಾಯಂ’ ಎಂಬ ಉಪಕರಣ ಬಂದಿತು. ಅದರ ಜಾಗಕ್ಕೆ ಮುಂದೆ ‘ಜೆಕ್ವೆರಿ ಐಎಂಇ’ ಎಂಬುದು ಬಂದಿತು. ಹೆಸರೇ ಹೇಳುವಂತೆ ಅದು ಹಿಂದೆ ಹೇಳಿದ ಜೆಕ್ವೆರಿಯ ಮೇಲೆ ಕಟ್ಟಿದ್ದು. ಉಚ್ಚಾರಣೆಯಂತೆ ಬರೆಯುವ ಲಿಪ್ಯಂತರ, ಸರ್ಕಾರದ ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ‘ನುಡಿ’ಯ ಮೂಲಕ ಮನೆಮಾತಾದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ, ಮೂರೂ ಅದರಲ್ಲಿವೆ. ಬರೆಯುವವರು ತಮಗೆ ರೂಢಿಯಾದ ಕ್ರಮದಲ್ಲಿ ಬರೆಯಬಹುದು.

ಇಷ್ಟಾದ ಮೇಲೆ ಮೊಬೈಲು ಬಂದಿತು. ಗಾಜಿನ ಮೇಲೆ ಮೂಡುವ ಕೀಲಿಮಣೆಯಲ್ಲಿ ನಿಜವಾದ ಕೀಲಿಗಳೇ ಇಲ್ಲ. ಕೆಲವರು ಬೆರಳಿನಿಂದ ಗೀಚುತ್ತಾರೆ, ಕೆಲವರು ಮಾತನಾಡಿ ಬರೆಸುತ್ತಾರೆ, ಕೆಲವರು ಮುಂದಾಗಿ ತೋರುವ ಪದವನ್ನು ಮುಟ್ಟುತ್ತಾರೆ. ಆದುದರಿಂದ ಆಂಡ್ರಾಯ್ಡ್ ಮೊಬೈಲಿನ ಕ್ರೋಮ್ ಬ್ರೌಸರ್ ಯಾವ ಅಕ್ಷರವನ್ನು ಮುಟ್ಟಿದರೂ ಬಹುತೇಕ 229 ಎಂಬ ಒಂದೇ ಸಂಖ್ಯೆಯನ್ನು ಹೇಳುತ್ತದೆ. ‘ಕೀಪ್ರೆಸ್’ ಎಂಬ ಹಳೆಯ ಘಟನೆಯನ್ನಂತೂ ತಿಳಿಸುವುದೇ ಇಲ್ಲ. ಇದು ಬರಿಯ ತಾಂತ್ರಿಕ ವಿಚಾರವೆಂದು ತೋರಬಹುದು. ಅದು ಹಾಗಲ್ಲವೆಂದು ನನಗೆ ಮನವರಿಕೆಯಾದುದು ಕೆಲವು ವರ್ಷಗಳ ಹಿಂದಿನ ಒಂದು ಸಂಜೆ.

ನಮ್ಮ ಬೀದಿಯಲ್ಲಿಯೇ ಇರುವ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬರು ಮಗಳೊಂದಿಗೆ ನಮ್ಮ ಮನೆಗೆ ಬಂದರು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಊರಿನ ಕಡೆಯ ಒಂದು ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಲು ಮಾರನೆಯ ದಿನವೇ ಕೊನೆ. ಎರಡು ದಿನಗಳಿಂದ ಮೊಬೈಲಿನಲ್ಲಿ ಅರ್ಜಿ ತುಂಬುತ್ತಿದ್ದರೂ ಕೊನೆಯ ‘ಸಲ್ಲಿಸಿ’ ಎಂಬ ಗುಂಡಿ ಮಂಕಾಗಿಯೇ ಇತ್ತು; ಒತ್ತಿದರೆ ಏನೂ ಆಗುತ್ತಿರಲಿಲ್ಲ.

“ಅಣ್ಣಾ, ನಾನೇ ಏನೋ ತಪ್ಪು ಒತ್ತಿದೀನಿ ಅನ್ಸುತ್ತೆ. ನಮ್ಗೆ ಇದೆಲ್ಲ ಸರಿಯಾಗಿ ಬರಲ್ಲ. ಇವಳ ಒಂದು ವರ್ಷ ಹಾಳಾಗ್ಬಾರ್ದು, ನೀವೇ ಸ್ವಲ್ಪ ನೋಡಿ” ಎಂದು ಆಕೆ ಮೊಬೈಲನ್ನು ಮುಂದೆ ಹಿಡಿದರು.

“ನಿಮ್ಮದೇನೂ ತಪ್ಪಿಲ್ಲ ಕಣಮ್ಮ, ಕೂತ್ಕೊಳ್ಳಿ” ಎಂದು ನಾನು ನೋಡಿದೆ. ಹೆಸರು, ವಿಳಾಸ, ಅಂಕಗಳು, ಎಲ್ಲವೂ ಅಚ್ಚುಕಟ್ಟಾಗಿ ತುಂಬಿದ್ದವು. ಆ ಪುಟವನ್ನು ಮಾಡಿದವರು ಹೆಸರಿನ ಅಂಕಣದಲ್ಲಿ ಕೀಪ್ರೆಸ್ ಘಟನೆ ನಡೆದರೆ ಮಾತ್ರ ಅಂಕಣ ತುಂಬಿತೆಂದು ಎಣಿಸುವಂತೆ ಬರೆದಿದ್ದರು. ಕಚೇರಿಯ ಕಂಪ್ಯೂಟರಿನಲ್ಲಿ ಕೀಲಿ ಒತ್ತಿದ ಸುದ್ದಿ ಬರುತ್ತದೆ, ಗುಂಡಿ ಬೆಳಗುತ್ತದೆ. ಈ ಮೊಬೈಲಿನಲ್ಲಿ ಆ ಸುದ್ದಿಯೇ ಬಾರದು. ಹೆಸರು ಕಣ್ಣೆದುರಿಗೆ ಇದ್ದರೂ ಪುಟದ ಲೆಕ್ಕದಲ್ಲಿ ಆ ಹುಡುಗಿ ತನ್ನ ಹೆಸರನ್ನು ಬರೆದೇ ಇರಲಿಲ್ಲ.

ನಮ್ಮ ಮನೆಯ ಕಂಪ್ಯೂಟರಿನಿಂದ ಅಂದೇ ಅರ್ಜಿ ಹೋಯಿತು. ಮರುದಿನ ಆ ಸಂಸ್ಥೆಯವರಿಗೆ ದೂರವಾಣಿ ಮಾಡಿದಾಗ, “ನಮ್ಮಲ್ಲಿ ಸರಿಯಾಗಿಯೇ ಇದೆಯಲ್ಲ ಸಾರ್, ಯಾರೂ ದೂರು ಹೇಳಿಲ್ಲ” ಎಂಬ ಉತ್ತರ ಬಂದಿತು. ಅವರು ಹೇಳಿದುದು ಸುಳ್ಳಲ್ಲ. ಬಂದ ಅರ್ಜಿಗಳು ಅವರ ಕಡತದಲ್ಲಿದ್ದವು. ಬಾರದೆ ಉಳಿದ ಅರ್ಜಿಗಳ ಲೆಕ್ಕ ಯಾವ ಕಡತದಲ್ಲಿಯೂ ಇರುವುದಿಲ್ಲ. ಗುಂಡಿ ಓಗೊಡದೆ ಹೋದವರು ದೂರು ಹೇಳುವುದಿಲ್ಲ; ತಮ್ಮ ಕೈಯನ್ನೇ, ತಮ್ಮ ಓದನ್ನೇ, ತಮ್ಮ ಬಡತನವನ್ನೇ ಅನುಮಾನಿಸಿಕೊಂಡು ಸುಮ್ಮನಾಗುತ್ತಾರೆ. ಇಂತಹ ದೋಷದಲ್ಲಿ ಅತ್ಯಂತ ಕ್ರೂರವಾದುದು ಇದೇ ಎಂದು ನನ್ನ ಭಾವನೆ.

ವಿಷಯವನ್ನು ವಿವರಿಸಿದ ಮೇಲೆ ಅವರು ಒಪ್ಪಿ ಪುಟವನ್ನು ತಿದ್ದಿಸಿದರು. ತಿದ್ದುಪಡಿ ಒಂದೆರಡು ಸಾಲುಗಳದು. ಕೀಲಿಯ ಸುದ್ದಿಗೆ ಕಾಯುವುದನ್ನು ಬಿಟ್ಟು ‘ಇನ್‌ಪುಟ್’ ಎಂಬ ಘಟನೆಗೆ ಓಗೊಡುವುದು. ಕೀಲಿಯಿಂದಾಗಲಿ, ಬೆರಳಿನ ಗೀಚಿನಿಂದಾಗಲಿ, ಮಾತಿನಿಂದಾಗಲಿ, ಬೇರೆಡೆಯಿಂದ ತಂದು ಅಂಟಿಸಿದುದರಿಂದಾಗಲಿ, ಅಂಕಣದಲ್ಲಿರುವ ಬರಹ ಬದಲಾದರೆ ಆ ಘಟನೆ ನಡೆಯುತ್ತದೆ. ಹೇಗೆ ಬರೆದಿರಿ ಎಂದು ಕೇಳದೆ, ಏನು ಬರೆದಿರಿ ಎಂದಷ್ಟೇ ಕೇಳುವುದು. ಹೆಸರಿನ ಬದಲು ಯೋಗ್ಯತೆಯನ್ನು ಕೇಳಬೇಕೆಂಬ ಹಳೆಯ ಪಾಠವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಈಗ ಕಾಲ ಬಹಳ ಮಟ್ಟಿಗೆ ಸುಧಾರಿಸಿದೆ. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿವೃತ್ತವಾಯಿತು. ಮೌಸ್, ಬೆರಳು, ಬರೆಯುವ ಕಡ್ಡಿ ಮೂರನ್ನೂ ಒಂದೇ ಬಗೆಯಾಗಿ ಕಾಣುವ ‘ಪಾಯಿಂಟರ್ ಈವೆಂಟ್ಸ್’ ಎಂಬ ಮಾನಕ 2015ರಲ್ಲಿ ಅಂಗೀಕೃತವಾಗಿ, 2019ರಲ್ಲಿ ಸಫಾರಿಯೂ ಅದನ್ನು ಸೇರಿಸಿಕೊಂಡಿತು. ಹಳೆಯ ಸ್ಲೀವುಗಳ ಅಗತ್ಯವೂ ಕಡಿಮೆಯಾಗಿದೆ. ಆದರೆ ಜನರ ಕೈಯಲ್ಲಿರುವ ಉಪಕರಣಗಳ ಭೇದ ಹೋಗಿಲ್ಲ, ಹೋಗುವುದೂ ಇಲ್ಲ. ಒಬ್ಬರದು ಹೊಸ ಮೊಬೈಲು, ಒಬ್ಬರದು ಮಗ ಬಿಟ್ಟುಕೊಟ್ಟ ಹಳೆಯದು. ದೃಷ್ಟಿಯಿಲ್ಲದವರು ಮೌಸನ್ನು ಹಿಡಿಯದೆ ಕೀಲಿಮಣೆಯಿಂದಲೇ, ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಪುಟವನ್ನು ಬಳಸುತ್ತಾರೆ. ಗುಂಡಿಯನ್ನು ನಿಜವಾದ ಗುಂಡಿಯಾಗಿಯೇ ಬರೆದರೆ ಎಂಟರ್ ಕೀಲಿಗೂ ಅದು ತಾನಾಗಿಯೇ ಓಗೊಡುತ್ತದೆ. ಗುಂಡಿಯ ಚಿತ್ರವನ್ನು ಬಿಡಿಸಿ ಮೌಸಿಗೆ ಮಾತ್ರ ಓಗೊಡುವಂತೆ ಮಾಡಿದರೆ ಅವರ ಪಾಲಿಗೆ ಅದು ಗೋಡೆ.

ಈ ಕೆಲಸವನ್ನು ಹಿಡಿಯುವ ನಮ್ಮ ಮನೆಗಳ ಯುವಕ ಯುವತಿಯರಿಗೆ ನಾನು ಹೇಳುವುದು ಇಷ್ಟೇ. ಪುಟವನ್ನು ಮಾಡಿ ಮುಗಿಸಿದ ಮೇಲೆ ನಿಮ್ಮ ಒಳ್ಳೆಯ ಕಂಪ್ಯೂಟರಿನಲ್ಲಿ ನೋಡಿ ತೃಪ್ತರಾಗಬೇಡಿ. ಮನೆಯಲ್ಲಿರುವ ಎಲ್ಲಕ್ಕಿಂತ ಹಳೆಯ ಮೊಬೈಲನ್ನು ಎಲ್ಲರಿಗಿಂತ ಅಭ್ಯಾಸ ಕಡಿಮೆಯಿರುವ ಹಿರಿಯರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು ನೋಡಿ. ಸಂಘಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿಯೂ ಒಂದು ವಿನಂತಿ. ಅರ್ಜಿಯ ಪುಟದ ಕೆಳಗೆ ಒಂದು ದೂರವಾಣಿ ಸಂಖ್ಯೆಯನ್ನು ಇಡಿಸಿರಿ, ಮತ್ತು ಆ ಸಂಖ್ಯೆಗೆ ಕರೆ ಬಂದಾಗ ಎತ್ತಿಕೊಳ್ಳುವವರೊಬ್ಬರು ಇರುವಂತೆ ನೋಡಿಕೊಳ್ಳಿರಿ. ಉಳಿದ ನಮ್ಮ ತಾಯಂದಿರು, ಅಕ್ಕತಂಗಿಯರು, ಹಿರಿಯರು ನೆನಪಿಡಬೇಕಾದುದೊಂದುಂಟು. ಗುಂಡಿ ಓಗೊಡದಿದ್ದರೆ ಮೊದಲು ನಿಮ್ಮ ಕೈಯನ್ನು ಅನುಮಾನಿಸಬೇಡಿರಿ. ಬೇರೊಂದು ಬ್ರೌಸರಿನಲ್ಲಿ, ಬೇರೊಂದು ಮೊಬೈಲಿನಲ್ಲಿ ಒಮ್ಮೆ ಪ್ರಯತ್ನಿಸಿರಿ. ಅದಕ್ಕೂ ಆಗದಿದ್ದರೆ ಸಂಕೋಚವಿಲ್ಲದೆ ಸಂಬಂಧಪಟ್ಟವರಿಗೆ ತಿಳಿಸಿರಿ. ನೀವು ಹೇಳಿದ ಒಂದು ಮಾತಿನಿಂದ, ಸುಮ್ಮನೆ ಹಿಂತಿರುಗಿ ಹೋಗಲಿದ್ದ ಇನ್ನಷ್ಟು ಜನರ ಅರ್ಜಿಗಳು ಸೇರಬೇಕಾದಲ್ಲಿಗೆ ಸೇರುತ್ತವೆ.